ಹೆದ್ದಾರಿಯ ಹಣ ರೈಲಿಗೆ ಬಂದ ಬಗೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ರಾಜ್ಯದ ಶಾಸಕರು ಹೆದ್ದಾರಿಗಾಗಿಯೂ ನಗರದ ರೈಲು ಬಸ್ಸುಗಳಿಗಾಗಿಯೂ ವಾಷಿಂಗ್ಟನ್ನಿನ ಬೊಕ್ಕಸದಿಂದ ದ್ರವ್ಯವನ್ನು ಬೇಡುವುದು ಇಂದು ರೂಢಿಯಾಗಿಬಿಟ್ಟಿದೆ. ಆದರೆ ಹೆದ್ದಾರಿಗೆಂದು ಮೀಸಲಾದುದು ರೈಲಿಗೂ ಸಲ್ಲಬಹುದೆಂಬ ನ್ಯಾಯವು ಅಲ್ಲಿ ಸುಲಭವಾಗಿ ಸ್ಥಾಪಿತವಾದುದಲ್ಲ. ಅದರ ಹಿಂದೆ ಬಾಸ್ಟನ್ ನಗರದ ಕೆಲವು ಕೇರಿಗಳ ಜನರ ದೀರ್ಘವಾದ ಹಠವಿದೆ.

1956ರ ಜೂನ್ 29ರಂದು ಅಧ್ಯಕ್ಷ ಐಸೆನ್‌ಹೋವರ್ ಅಂಕಿತ ಹಾಕಿದ ಶಾಸನವು 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿಗಳನ್ನು ಸಂಕಲ್ಪಿಸಿ, ಗ್ಯಾಲನ್ ಪೆಟ್ರೋಲಿನ ಮೇಲಿನ ಸುಂಕವನ್ನು 2 ಸೆಂಟಿನಿಂದ 3 ಸೆಂಟಿಗೆ ಏರಿಸಿ, ಆ ಉತ್ಪನ್ನವನ್ನು ಪ್ರತ್ಯೇಕ ಹೆದ್ದಾರಿ ನಿಧಿಗೆ ಸೇರಿಸಿತು. ವೆಚ್ಚದಲ್ಲಿ ನೂರಕ್ಕೆ 90 ಪಾಲನ್ನು ಒಕ್ಕೂಟ ಸರ್ಕಾರವೇ ವಹಿಸಿಕೊಂಡಮೇಲೆ, ಹತ್ತು ಡಾಲರು ಹಾಕಿ ನೂರು ಡಾಲರಿನ ರಸ್ತೆಯನ್ನು ಪಡೆಯುವ ಅವಕಾಶವನ್ನು ಒಲ್ಲೆನೆನ್ನುವ ರಾಜ್ಯ ಯಾವುದು? ನಗರ ಸಾರಿಗೆಗೆ ಶಾಸನಬದ್ಧ ನೆರವು ದೊರೆತದ್ದು 1964ರಲ್ಲಿ, ಅಧ್ಯಕ್ಷ ಜಾನ್ಸನ್ನರ ಕಾಲದಲ್ಲಿ. ಅದೂ ಇಡೀ ದೇಶಕ್ಕೆ ಮೂರು ವರ್ಷಗಳಿಗೆ 37.5 ಕೋಟಿ ಡಾಲರು ಮಾತ್ರ. ರಸ್ತೆಯೋ ರೈಲೋ ಎಂಬುದನ್ನು ನಗರದ ಅಗತ್ಯವಲ್ಲ, ಈ ಪಾಲಿನ ಲೆಕ್ಕವೇ ನಿರ್ಣಯಿಸುತ್ತಿತ್ತೆಂದರೆ ಅತಿಶಯೋಕ್ತಿಯಾಗದು.

ಮ್ಯಾಸಚೂಸೆಟ್ಸ್ ರಾಜ್ಯದ 1948ರ ಯೋಜನೆಯೊಂದರಲ್ಲಿ ಬಾಸ್ಟನ್ನಿನ ಹೃದಯಭಾಗವನ್ನು ಸುತ್ತುವರಿಯುವ ‘ಇನ್ನರ್ ಬೆಲ್ಟ್’ ಎಂಬ ಹೆದ್ದಾರಿಯಿತ್ತು. ರಾಕ್ಸ್‌ಬರಿ, ಕೇಂಬ್ರಿಜ್, ಸಾಮರ್ವಿಲ್‌ಗಳ ಒತ್ತೊತ್ತಾದ ವಸತಿಗಳನ್ನು ಸೀಳಿಕೊಂಡು ಅದು ಸಾಗಬೇಕಾಗಿತ್ತು. ನೈಋತ್ಯದಿಂದ ಬಂದು ಅದನ್ನು ಕೂಡಬೇಕಾಗಿದ್ದ ಇನ್ನೊಂದು ಹೆದ್ದಾರಿಗಾಗಿ ರಾಕ್ಸ್‌ಬರಿ, ಜಮೈಕಾ ಪ್ಲೇನ್‌ಗಳಲ್ಲಿ ಮನೆಗಳನ್ನು ಕೆಡವಿಯೂ ಆಗಿತ್ತು. ಕರಿಯರು, ಬಿಳಿಯರು, ಕಾರ್ಮಿಕರು, ವಿಶ್ವವಿದ್ಯಾಲಯದ ಯೋಜನಾಶಾಸ್ತ್ರಜ್ಞರು ಒಂದಾಗಿ ಇದನ್ನು ವಿರೋಧಿಸಿ 1969ರ ಜನವರಿಯಲ್ಲಿ ಶಾಸನಭವನದ ಮುಂದೆ ನೆರೆದರು. ಗವರ್ನರ್ ಫ್ರಾನ್ಸಿಸ್ ಸಾರ್ಜೆಂಟ್ ಹಿಂದೆ ಲೋಕೋಪಯೋಗಿ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದವರು, ರಸ್ತೆಗಳನ್ನೇ ಕಟ್ಟಿಸಿದವರು. ಅಂಥವರು 1970ರ ಫೆಬ್ರುವರಿ 11ರಂದು ದೂರದರ್ಶನದಲ್ಲಿ ಕಾಣಿಸಿಕೊಂಡು, ಹೆದ್ದಾರಿಯೊಂದೇ ಮಾರ್ಗವೆಂದು ನಂಬಿದ್ದು ತಪ್ಪಾಯಿತೆಂದು ನಾಡಿನ ಮುಂದೆ ಒಪ್ಪಿಕೊಂಡು ಕೆಲಸವನ್ನು ತಡೆಹಿಡಿದರು. ವಿಸ್ತೃತ ಪುನರ್ವಿಮರ್ಶೆಯ ನಂತರ 1972ರ ನವೆಂಬರಿನಲ್ಲಿ ಎರಡು ಹೆದ್ದಾರಿಗಳನ್ನೂ ಕೈಬಿಟ್ಟರು. ಅಧಿಕಾರಸ್ಥರಲ್ಲಿ ಇಂತಹ ಧೈರ್ಯ ವಿರಳವೆಂದೇ ನನ್ನ ಭಾವನೆ.

ಆದರೆ ರಸ್ತೆಯನ್ನು ಬಿಟ್ಟರೆ ಹಣವನ್ನೂ ಬಿಟ್ಟಂತೆ ಎಂಬುದು ಅಂದಿನ ನಿಯಮ. ಆದಕಾರಣ ನಿರಾಕರಿಸಿದ ಹೆದ್ದಾರಿಯ ಮೊತ್ತವನ್ನು ಸಾರ್ವಜನಿಕ ಸಾರಿಗೆಗೆ ಬದಲಾಯಿಸಿಕೊಳ್ಳಲು ಅನುಮತಿ ಬೇಕೆಂಬ ಬೇಡಿಕೆಯೊಡನೆ ಬಾಸ್ಟನ್ನಿನವರು ವಾಷಿಂಗ್ಟನ್ನಿಗೆ ಹೋದರು. ಆಗ ಪ್ರತಿನಿಧಿಸಭೆಯಲ್ಲಿ ಬಹುಮತ ಪಕ್ಷದ ನಾಯಕರಾಗಿದ್ದವರು ಕೇಂಬ್ರಿಜ್ಜಿನವರೇ ಆದ ಟಿಪ್ ಓ’ನೀಲ್ ಎಂಬುದು ಅವರಿಗೆ ದೊಡ್ಡ ಬಲವಾಯಿತು. 1973ರ ಆಗಸ್ಟ್ 13ರಂದು ನಿಕ್ಸನ್ ಸಹಿ ಮಾಡಿದ ಶಾಸನವು ಈ ವಿನಿಮಯಕ್ಕೆ ಎಡೆಗೊಟ್ಟಿತು. ಆದರೆ ಬದಲಿ ಹಣ ಬಂದದ್ದು ಹೆದ್ದಾರಿ ನಿಧಿಯಿಂದಲ್ಲ, ಸಾಮಾನ್ಯ ಬೊಕ್ಕಸದಿಂದ. ಒಕ್ಕೂಟದ ಪಾಲೂ 80ಕ್ಕೆ ಇಳಿಯಿತು. ರಾಜ್ಯದ ಮನೆಯಲ್ಲಿಯೂ ಒಂದು ಬೀಗವಿತ್ತು: 1948ರಲ್ಲಿ ಸಂವಿಧಾನಕ್ಕೆ ಸೇರಿದ ತಿದ್ದುಪಡಿಯೊಂದು ವಾಹನದ ಇಂಧನದ ತೆರಿಗೆಯನ್ನು ಹೆದ್ದಾರಿಗೇ ಕಟ್ಟಿಹಾಕಿತ್ತು. ಶಾಸನಸಭೆ ಅದರ ಬದಲಾವಣೆಯನ್ನು ಜನರ ಮುಂದಿಟ್ಟು, 1974ರ ನವೆಂಬರಿನಲ್ಲಿ ಸಮ್ಮತಿ ಪಡೆಯಿತು.

ಈ ಬದಲಿ ಹಣದ ನೆರವಿನಿಂದ ಬಾಸ್ಟನ್ನಿನ ‘ರೆಡ್ ಲೈನ್’ ಎಂಬ ನಗರ ರೈಲುಮಾರ್ಗ 1985ರಲ್ಲಿ ಏಲ್‌ವೈಫ್‌ವರೆಗೆ ಚಾಚಿತು. ಹೆದ್ದಾರಿಗಾಗಿ ತೆರವಾಗಿದ್ದ ನೈಋತ್ಯದ ನೆಲದಲ್ಲಿ 1987ರ ಮೇ ತಿಂಗಳಲ್ಲಿ ‘ಆರೆಂಜ್ ಲೈನ್’ ರೈಲು ಓಡಿತು, ಅದರ ಪಕ್ಕದಲ್ಲಿ ಉದ್ಯಾನವೂ ಬೆಳೆಯಿತು. ಆದರೆ ಅದೇ ವೇಳೆಗೆ ಬಾಸ್ಟನ್ನಿನ ವಾಷಿಂಗ್ಟನ್ ಸ್ಟ್ರೀಟಿನ ಮೇಲೆ 1901ರಿಂದ ಓಡುತ್ತಿದ್ದ ಎತ್ತರದ ರೈಲು ನಿಂತುಹೋಗಿ, ಆ ಬೀದಿಯ ಬಡಜನಕ್ಕೆ ಬಸ್ಸೇ ಗತಿಯಾಯಿತು. ಈ ಅನ್ಯಾಯವನ್ನು ಮರೆತು ಬಾಸ್ಟನ್ನಿನ ವಿಜಯವನ್ನು ಹೊಗಳುವುದು ನನಗೆ ಸಾಧ್ಯವಿಲ್ಲ.

ಪೆಟ್ರೋಲು ಸುಂಕದಲ್ಲಿಯೇ ಸಾರಿಗೆಗೆ ಸ್ಥಿರವಾದ ಪಾಲು ಸಿಕ್ಕಿದ್ದು ರೇಗನ್ ಕಾಲದಲ್ಲಿ: 1983ರ ಜನವರಿಯಲ್ಲಿ ಅವರು ಅಂಕಿತ ಹಾಕಿದ ಶಾಸನವು ಆ ವೇಳೆಗೆ 4 ಸೆಂಟಾಗಿದ್ದ ಸುಂಕವನ್ನು 9ಕ್ಕೆ ಏರಿಸಿ, ಹೆಚ್ಚಳದಲ್ಲಿ ಒಂದು ಸೆಂಟನ್ನು ನಗರ ಸಾರಿಗೆಗೆ ಮೀಸಲಿಟ್ಟಿತು. 1993ರಲ್ಲಿ ನಿಶ್ಚಯವಾದ 18.4 ಸೆಂಟಿನ ದರ ಆಮೇಲೆ ಏರಲಿಲ್ಲ. ಹೆದ್ದಾರಿ ನಿಧಿ ಸೊರಗಿ, 2008ರಿಂದೀಚೆಗೆ ಸಾಮಾನ್ಯ ಬೊಕ್ಕಸದಿಂದಲೇ ಪುನಃಪುನಃ ತುಂಬಿಸಬೇಕಾಗಿ ಬಂದಿದೆ. ಇಂದು ರಾಜ್ಯಗಳ ಶಾಸಕರು ಹೆದ್ದಾರಿಗೂ ರೈಲಿಗೂ ಒಟ್ಟಿಗೇ ನೆರವನ್ನು ಬೇಡುವುದು ಬಹುಮಟ್ಟಿಗೆ ಈ ನಿಧಿಯಿಂದ.