ಮನೆಯ ಫೈಬರ್ ಅಂತರ್ಜಾಲ ನಿಂತಾಗ ದೋಷ ಪತ್ತೆ ಮಾಡುವ ಕ್ರಮ

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿ ತೆಂಗು ಮತ್ತು ರಾಗಿಯ ಸೀಮೆ. ಕೊಬ್ಬರಿಯ ಪೇಟೆ ಧಾರಣೆ, ಪಹಣಿ, ಬೆಳೆ ವಿಮೆಯ ಅರ್ಜಿ, ಮಕ್ಕಳ ಪಾಠ ಇವೆಲ್ಲವೂ ಇಂದು ಅಂತರ್ಜಾಲದ ಮೂಲಕ ನಡೆಯುತ್ತವೆ. 2011ರಲ್ಲಿ ಕೇಂದ್ರ ಸರ್ಕಾರ ಮಂಜೂರು ಮಾಡಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವು ಈಗ ಭಾರತ್‌ನೆಟ್ ಎಂಬ ಹೆಸರಿನಲ್ಲಿದೆ. ಗ್ರಾಮ ಪಂಚಾಯಿತಿಗಳವರೆಗೆ ಗಾಜಿನೆಳೆಯ ಸಂಪರ್ಕ ಒದಗಿಸುವುದು ಇದರ ಉದ್ದೇಶ. ಹಳ್ಳಿಯ ಮನೆಗಳಿಗೂ ಫೈಬರ್ ಸಂಪರ್ಕ ಬರುತ್ತಿದೆ. ವಿಮೆಗೆ ಅರ್ಜಿ ಸಲ್ಲಿಸುವ ಕೊನೆಯ ದಿನವೇ ಸಂಪರ್ಕ ಕಡಿದುಹೋದರೆ ಆಗುವ ನಷ್ಟ ಸಣ್ಣದಲ್ಲ. ದೋಷ ಎಲ್ಲಿದೆ ಎಂಬುದನ್ನು ಮನೆಯಲ್ಲೇ ಗುರುತಿಸಲು ಕಲಿತರೆ ಅರ್ಧದಷ್ಟು ತೊಂದರೆ ಅಲ್ಲಿಯೇ ನಿವಾರಣೆಯಾಗುತ್ತದೆ. ಉಳಿದುದಕ್ಕೆ ಲೈನ್‌ಮನ್ ಒಂದೇ ಸಲ ಬಂದರೆ ಸಾಕಾಗುತ್ತದೆ.

ಫೈಬರ್ ಕೆಲಸ ಮಾಡುವ ಬಗೆ

ಹನಿ ನೀರಾವರಿಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ದೂರವಾಣಿ ಕೇಂದ್ರವು ಪಂಪುಮನೆ ಇದ್ದಂತೆ. ಅಲ್ಲಿಂದ ಹೊರಡುವ ಒಂದು ಗಾಜಿನೆಳೆಯನ್ನು ಊರಿನ ಕಂಬದ ಪೆಟ್ಟಿಗೆಯಲ್ಲಿ 8, 16 ಅಥವಾ 32 ಕವಲುಗಳಾಗಿ ಒಡೆದು ಮನೆಗಳಿಗೆ ಹಂಚುತ್ತಾರೆ. ಎಳೆಯಲ್ಲಿ ಹರಿಯುವುದು ವಿದ್ಯುತ್ತಲ್ಲ, ಕಣ್ಣಿಗೆ ಕಾಣದ ಬೆಳಕು. ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು ಮಾತ್ರ. 32 ಪಾಲಾದ ಮೇಲೆ ಮನೆಗೆ ಬರುವ ಬೆಳಕು ಬಹಳ ಕ್ಷೀಣವಾಗಿರುತ್ತದೆ. ಆದ್ದರಿಂದ ಜೋಡಣೆಯ ತುದಿಯಲ್ಲಿ ಧೂಳಿನ ಕಣವೊಂದು ಕುಳಿತರೂ, ಎಳೆ ಬಲವಾಗಿ ಬಾಗಿದರೂ ಸಂಪರ್ಕ ಕೆಡಬಹುದು.

ದೀಪಗಳನ್ನು ಓದುವ ಕ್ರಮ

ಪಂಪ್‌ಸೆಟ್ಟಿನ ಪ್ಯಾನೆಲ್ ಬೋರ್ಡಿನ ದೀಪ ನೋಡಿ ಯಾವ ಫೇಸ್ ಇಲ್ಲವೆಂದು ತಿಳಿಯುವಂತೆ, ಮೋಡೆಮ್ ಪೆಟ್ಟಿಗೆಯ ದೀಪಗಳೂ ದೋಷದ ಸ್ಥಳವನ್ನು ಹೇಳುತ್ತವೆ. ಏನನ್ನೂ ಬಿಚ್ಚುವ ಮೊದಲು ಇವುಗಳನ್ನು ನೋಡಿ ಬರೆದಿಟ್ಟುಕೊಳ್ಳಬೇಕು. ತಯಾರಕರಿಗೆ ತಕ್ಕಂತೆ ಹೆಸರು, ಬಣ್ಣಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿರುತ್ತದೆ.

1. ಯಾವ ದೀಪವೂ ಇಲ್ಲ: ಕರೆಂಟು, ಪ್ಲಗ್ಗು ಅಥವಾ ಅಡಾಪ್ಟರಿನ ದೋಷ. ಬೇರೆ ಪ್ಲಗ್ಗಿಗೆ ಹಾಕಿ ನೋಡಬೇಕು. ಅಡಾಪ್ಟರ್ ಸುಟ್ಟಿದ್ದರೆ ಅದರ ಮೇಲೆ ಬರೆದಿರುವ ವೋಲ್ಟು ಮತ್ತು ಆಂಪಿಯರಿಗೆ ಹೊಂದುವುದನ್ನೇ ತರಬೇಕು.

2. ಎಲ್.ಓ.ಎಸ್. ದೀಪ ಕೆಂಪಾಗಿ ಮಿನುಗುತ್ತಿದೆ: ಬೆಳಕು ಮನೆಗೆ ತಲುಪುತ್ತಿಲ್ಲ. ಎಳೆ ತುಂಡಾಗಿರಬಹುದು, ಬಾಗಿರಬಹುದು ಅಥವಾ ಜೋಡಣೆ ಸಡಿಲವಾಗಿರಬಹುದು. ಸರಿಯಾಗಿರುವಾಗ ಈ ದೀಪ ಆರಿರುತ್ತದೆ.

3. ಎಲ್.ಓ.ಎಸ್. ಆರಿದೆ, ಪಿ.ಓ.ಎನ್. ದೀಪ ಮಿನುಗುತ್ತಲೇ ಇದೆ: ಬೆಳಕು ಬರುತ್ತಿದೆ, ಆದರೆ ಕೇಂದ್ರವು ಮೋಡೆಮನ್ನು ಗುರುತಿಸಿಲ್ಲ. ಬೆಳಕು ದುರ್ಬಲವಾಗಿರಬಹುದು ಅಥವಾ ಕೇಂದ್ರದಲ್ಲಿ ನೋಂದಣಿ ತಪ್ಪಿರಬಹುದು.

4. ಪಿ.ಓ.ಎನ್. ಸ್ಥಿರವಾಗಿದೆ, ಇಂಟರ್ನೆಟ್ ದೀಪ ಆರಿದೆ ಅಥವಾ ಕೆಂಪಾಗಿದೆ: ಎಳೆ ಸರಿಯಾಗಿದೆ. ಬಿಲ್ಲು ಬಾಕಿ ಇದೆಯೇ ಎಂದು ಮೊದಲು ನೋಡಬೇಕು. ಇಲ್ಲವಾದರೆ ಬಳಕೆದಾರರ ಹೆಸರು, ಗುಪ್ತಪದ ಅಥವಾ ಕೇಂದ್ರದ ದೋಷವಿರುತ್ತದೆ.

5. ಎಲ್ಲ ದೀಪಗಳೂ ಸರಿ, ವೇಗ ಮಾತ್ರ ಕಡಿಮೆ: ಹೆಚ್ಚಾಗಿ ಇದು ಮನೆಯೊಳಗಿನ ವೈಫೈ ತೊಂದರೆ.

ಮನೆಯಲ್ಲೇ ಮಾಡಬಹುದಾದ ಕೆಲಸ

ಮೋಡೆಮಿನ ಸ್ವಿಚ್ಚನ್ನು ಆರಿಸಿ, ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ದೀಪಗಳು ನಿಲುಗಡೆಗೆ ಬರಲು ಐದು ನಿಮಿಷವಾದರೂ ಕಾಯಬೇಕು. ಹಿಂಬದಿಯ ಸಣ್ಣ ರಂಧ್ರದಲ್ಲಿರುವ ರೀಸೆಟ್ ಗುಂಡಿಯನ್ನು ಮಾತ್ರ ಒತ್ತಬಾರದು. ಅದನ್ನು ಒತ್ತಿ ಹಿಡಿದರೆ ಕಂಪನಿಯವರು ತುಂಬಿಸಿದ ವಿವರಗಳೆಲ್ಲ ಅಳಿಸಿಹೋಗಿ, ಸಣ್ಣ ದೋಷ ದೊಡ್ಡದಾಗುತ್ತದೆ.

ಎಲ್.ಓ.ಎಸ್. ಕೆಂಪಾಗಿದ್ದರೆ ಮೋಡೆಮಿನಿಂದ ಗೋಡೆಯ ಹೊರಗಿನವರೆಗೆ ಎಳೆಯ ದಾರಿಯನ್ನು ಕಣ್ಣಿನಿಂದ ಪರೀಕ್ಷಿಸಬೇಕು. ಮಂಚದ ಕಾಲಿನ ಕೆಳಗೆ, ಬಾಗಿಲ ಸಂದಿನಲ್ಲಿ ಸಿಕ್ಕಿದ್ದರೆ ಬಿಡಿಸಬೇಕು. ಹೆಚ್ಚುವರಿ ಎಳೆಯನ್ನು ಕೈಬಳೆಗಿಂತ ಚಿಕ್ಕ ಸುರುಳಿಯಾಗಿ ಸುತ್ತಬಾರದು. ಅದೇ ಕಂಬದಿಂದ ಸಂಪರ್ಕ ಪಡೆದ ಪಕ್ಕದ ಮನೆಯಲ್ಲಿ ವಿಚಾರಿಸುವುದೂ ಉಪಯುಕ್ತ. ಅಲ್ಲಿಯೂ ನಿಂತಿದ್ದರೆ ದೋಷವು ಕಂಬದ ಪೆಟ್ಟಿಗೆಯಲ್ಲಿ ಅಥವಾ ಅದರ ಹಿಂದಿನ ಮಾರ್ಗದಲ್ಲಿದೆ ಎಂದು ತಿಳಿಯಬಹುದು.

ವೇಗ ಕಡಿಮೆ ಇದ್ದಾಗ ಮೋಡೆಮಿನ ಪಕ್ಕದಲ್ಲಿ ನಿಂತು ಪರೀಕ್ಷಿಸಿ, ಅನಂತರ ದೂರದ ಕೋಣೆಯಲ್ಲಿ ಪರೀಕ್ಷಿಸಬೇಕು. ಹತ್ತಿರ ಚೆನ್ನಾಗಿದ್ದು ದೂರದಲ್ಲಿ ಕೆಟ್ಟಿದ್ದರೆ ಗೋಡೆಗಳೇ ಕಾರಣ. ಮೋಡೆಮನ್ನು ಕಬ್ಬಿಣದ ಬೀರುವಿನ ಹಿಂದೆ ಇಡದೆ ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ ಇಡಬೇಕು. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ಗೋಡೆ ದಾಟುವಾಗ ಬೇಗ ಕುಗ್ಗುತ್ತದೆ. 2.4 ಗಿಗಾಹರ್ಟ್ಸ್ ನಿಧಾನವಾದರೂ ದೂರ ಹೋಗುತ್ತದೆ.

ತೋಟದಲ್ಲಿ ವಹಿಸಬೇಕಾದ ಎಚ್ಚರ

ತೆಂಗಿನ ಸೀಮೆಯಲ್ಲಿ ಕೇಬಲ್ ತೋಟದ ನಡುವೆ ಹಾದು ಬರುವುದುಂಟು. ಒಣಗಿದ ಗರಿ ಅಥವಾ ಕಾಯಿ ಬಿದ್ದು, ಹುಲ್ಲು ಹೇರಿದ ಟ್ರ್ಯಾಕ್ಟರ್ ತಗುಲಿ, ಇಲಿ ಅಳಿಲು ಕಡಿದು ಕೇಬಲ್ ತುಂಡಾಗಬಹುದು. ಕೇಬಲನ್ನು ಮರಕ್ಕೆ ಬಿಗಿದು ಕಟ್ಟಿದರೆ ಗಾಳಿಗೆ ಮರ ತೂಗಿದಾಗ ಎಳೆ ಸೋಲುತ್ತದೆ. ಗಾಡಿ ದಾರಿಯನ್ನು ದಾಟುವಲ್ಲಿ ಹೊರೆ ತುಂಬಿದ ಗಾಡಿಗೆ ತಗುಲದಷ್ಟು ಎತ್ತರವಿರಬೇಕು. ಕೊಳವೆ ಹೂಳಲು ಜೆ.ಸಿ.ಬಿ. ತರಿಸುವ ಮೊದಲು ನೆಲದಡಿಯ ಕೇಬಲ್ ಎಲ್ಲಿ ಹಾದಿದೆ ಎಂದು ಲೈನ್‌ಮನ್‌ನಿಂದ ತಿಳಿದುಕೊಳ್ಳುವುದು ಲೇಸು. ಅಗೆತದಲ್ಲಿ ಮುಖ್ಯ ಕೇಬಲ್ ತುಂಡಾದರೆ ಇಡೀ ಊರಿನ ಸಂಪರ್ಕ ನಿಲ್ಲುತ್ತದೆ.

ಗುಡುಗು ಮಿಂಚಿನ ಸಮಯದಲ್ಲಿ ಅಡಾಪ್ಟರನ್ನು ಪ್ಲಗ್ಗಿನಿಂದ ತೆಗೆದಿಡಬೇಕು. ಗಾಜಿನಲ್ಲಿ ವಿದ್ಯುತ್ ಹರಿಯದಿದ್ದರೂ ಕರೆಂಟಿನ ತಂತಿಯ ಮೂಲಕ ಮೋಡೆಮ್ ಸುಡಬಹುದು. ಕರೆಂಟು ಪದೇ ಪದೇ ಹೋಗುವ ಕಡೆ ಮೋಡೆಮಿಗೆ ಹೊಂದುವ ಸಣ್ಣ ಯು.ಪಿ.ಎಸ್. ಇಟ್ಟುಕೊಳ್ಳಬಹುದು.

ಮಾಡಬಾರದ ಕೆಲಸ

ತುಂಡಾದ ಎಳೆಯನ್ನು ಕರೆಂಟಿನ ತಂತಿಯಂತೆ ಹೊಸೆದು ಟೇಪು ಸುತ್ತಿದರೆ ಕೂಡುವುದಿಲ್ಲ. ಅದನ್ನು ಯಂತ್ರದಿಂದ ಬೆಸೆಯಬೇಕು. ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಒಳಗಿನ ಬೆಳಕು ಕಾಣದಿದ್ದರೂ ಲೇಸರ್ ಆದ್ದರಿಂದ ಕಣ್ಣಿಗೆ ಅಪಾಯ. ಗಾಜಿನ ಚೂರುಗಳು ಚರ್ಮದೊಳಗೆ ಸೇರುವುದರಿಂದ ಮಕ್ಕಳನ್ನು ದೂರವಿಡಬೇಕು. ಬಿದ್ದ ಕೇಬಲ್ ವಿದ್ಯುತ್ ತಂತಿಗೆ ತಗುಲಿದ್ದರೆ ಹತ್ತಿರ ಹೋಗದೆ ಸೆಸ್ಕ್ ಕಚೇರಿಗೆ ಕೂಡಲೇ ತಿಳಿಸಬೇಕು. ಕೆಲವು ಕೇಬಲ್‌ಗಳಲ್ಲಿ ಉಕ್ಕಿನ ತಂತಿಯೂ ಇರುತ್ತದೆ.

ದೂರು ಕೊಡುವ ಕ್ರಮ

"ನೆಟ್ ಬರುತ್ತಿಲ್ಲ" ಎಂದಷ್ಟೇ ಹೇಳಿದರೆ ಲೈನ್‌ಮನ್ ಯಾವ ಸಾಮಗ್ರಿ ತರಬೇಕೆಂದು ತಿಳಿಯದು. ಯಾವ ದೀಪ ಹೇಗಿದೆ, ಯಾವಾಗಿನಿಂದ ನಿಂತಿದೆ, ಪಕ್ಕದ ಮನೆಯ ಸ್ಥಿತಿ ಏನು, ಕೇಬಲ್ ಎಲ್ಲಿ ಬಿದ್ದಿದೆ ಎಂಬುದನ್ನು ತಿಳಿಸಬೇಕು. ದೂರಿನ ಸಂಖ್ಯೆಯನ್ನು ತಪ್ಪದೆ ಪಡೆದು ದಿನಾಂಕದೊಡನೆ ಬರೆದಿಡಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಗಳಂತೆ, ಗ್ರಾಹಕರ ದೂರಿಗೆ ಪರಿಹಾರ ಸಿಗದಿದ್ದಲ್ಲಿ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ದೂರು ಒಯ್ಯಬಹುದು. ಆಗ ಈ ಸಂಖ್ಯೆಯೇ ಆಧಾರ.

ದುರಸ್ತಿ ಮುಗಿದ ಮೇಲೆ ಮೀಟರಿನಲ್ಲಿ ಬೆಳಕಿನ ಅಳತೆ ತೋರಿಸುವಂತೆ ಲೈನ್‌ಮನ್‌ನನ್ನು ಕೇಳಬೇಕು. ಈ ಅಳತೆ ಋಣ ಸಂಖ್ಯೆಯಲ್ಲಿರುತ್ತದೆ. ಮೈನಸ್ 20ರ ಆಸುಪಾಸು ಉತ್ತಮ, ಮೈನಸ್ 27 ಸಾಮಾನ್ಯವಾಗಿ ಕಡೆಯ ಮಿತಿ. ಮಿತಿಯ ಅಂಚಿನಲ್ಲಿ ಬಿಟ್ಟ ಸಂಪರ್ಕ ಇಂದು ನಡೆದರೂ ಬೇಗನೆ ಮತ್ತೆ ನಿಲ್ಲಬಹುದು. ಈ ಅಂಕಿಯನ್ನು ಮೋಡೆಮಿನ ಬಳಿ ಗೋಡೆಯ ಮೇಲೆ ಬರೆದಿಟ್ಟರೆ ಮುಂದಿನ ಸಲ ಹೋಲಿಸಿ ನೋಡಲು ಅನುಕೂಲ. ಗ್ರಾಮ ಮಟ್ಟದ ವಿಸ್ತರಣಾ ಕಾರ್ಯಕರ್ತರು ದೀಪಗಳನ್ನು ಓದುವ ಈ ಕ್ರಮವನ್ನು ರೈತರ ಸಭೆಗಳಲ್ಲಿ ಪ್ರಾತ್ಯಕ್ಷಿಕೆಯ ಮೂಲಕ ತೋರಿಸಿಕೊಡಬಹುದು. ವಿಮೆ ಮತ್ತು ನೋಂದಣಿಯ ಅರ್ಜಿಗಳನ್ನು ಕೊನೆಯ ದಿನದವರೆಗೆ ಬಿಡದೆ ವಾರ ಮೊದಲೇ ಸಲ್ಲಿಸುವುದು ಎಲ್ಲಕ್ಕಿಂತ ಕ್ಷೇಮಕರ.