ರಿಜಿಸ್ಟರ್ ಪಕ್ಕದಲ್ಲೊಂದು ಮೊಬೈಲ್

ಅಂಗನವಾಡಿ ಕಾರ್ಯಕರ್ತೆಯರಿಗೆ ತಿಂಗಳಿಗೊಮ್ಮೆ ವಲಯ ಸಭೆ ಇರುತ್ತದೆ. ಅಂಥದೊಂದು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಡಿಗ್ರಿ ಮುಗಿಸಿ ಈಚೆಗೆ ಸೇರಿದ ಹುಡುಗಿಯರಿದ್ದರು, ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಅಜ್ಜಿಯರಿದ್ದರು. ಕೆಲವರ ಮನೆಮಾತು ಉರ್ದು, ಕೆಲವರದು ಲಂಬಾಣಿ. ಎಲ್ಲರ ಕೈಯಲ್ಲೂ ಇದ್ದದ್ದು ಮಾತ್ರ ಒಂದೇ ಆ್ಯಪ್, ಪೋಷಣ್ ಟ್ರ್ಯಾಕರ್. ಅದನ್ನು ಇವರಿಗೆಲ್ಲ ಕಲಿಸುವ ಹೊಣೆ ಮೇಲ್ವಿಚಾರಕಿಯದು. ಅದೂ ಒಂದು ಕಸುಬು ಅಂತ ನನಗೆ ಹೊಳೆದದ್ದು ಅವತ್ತೇ.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಪೋಷಣ್ ಟ್ರ್ಯಾಕರ್ ಬಂದದ್ದು 2021ರ ಮಾರ್ಚ್‌ನಲ್ಲಿ. ಮಧ್ಯದ ಅಷ್ಟೂ ಕಾಲ ಹಾಜರಿ, ತೂಕ, ಬಸುರಿ ಬಾಣಂತಿಯರ ಲೆಕ್ಕ, ಊಟದ ಲೆಕ್ಕ ಎಲ್ಲ ಹೆಚ್ಚುಕಡಿಮೆ ರಿಜಿಸ್ಟರ್‌ನಲ್ಲೇ. ಇಪ್ಪತ್ತೈದು ವರ್ಷ ಗೆರೆ ಎಳೆದು ಬರೆದ ಕೈಗೆ ಗಾಜಿನ ಮೇಲೆ ಬೆರಳಾಡಿಸು ಅಂದರೆ ನಡುಗದೆ ಇರುತ್ತದೆಯೆ?

ಆ ಮೇಲ್ವಿಚಾರಕಿ ಮೊದಲು ಫೋನ್ ತೆಗೆಸಲೇ ಇಲ್ಲ. ರಿಜಿಸ್ಟರ್ ಬಿಚ್ಚಿಸಿದರು, ಪಕ್ಕದಲ್ಲಿ ತಾಯಿ ಕಾರ್ಡ್ ಇಡಿಸಿದರು. ಅದರಲ್ಲಿನ ಬೆಳವಣಿಗೆ ನಕ್ಷೆಯ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳನ್ನು ಅಲ್ಲಿದ್ದವರೆಲ್ಲ ಕಣ್ಣುಮುಚ್ಚಿ ಹೇಳಬಲ್ಲರು. ಆಮೇಲೆ, "ಈಗ ಫೋನ್ ತೆಗೀರಿ. ಇದರೊಳಗೂ ಇದೇ ನಕ್ಷೆ ಇದೆ, ಚುಕ್ಕಿ ಇಡೋ ಕೆಲಸ ಮಾತ್ರ ಅದರದು" ಅಂದರು. ಕೋಣೆಯ ಬಿಗುವು ಅರ್ಧ ಇಳಿಯಿತು.

ಮೂರು ವರ್ಷದ ಗಂಡುಮಗುವೊಂದನ್ನು ತೂಗಿದರು. 10.6 ಕೆಜಿ. ಹಿರಿಯ ಕಾರ್ಯಕರ್ತೆಯೊಬ್ಬರು ಗಾಬರಿಯಲ್ಲಿ ಸೊನ್ನೆಯನ್ನೂ ಚುಕ್ಕಿಯನ್ನೂ ಬಿಟ್ಟು 16 ಎಂದು ಒತ್ತಿದರು. ಹಳದಿಯಲ್ಲಿ ಇರಬೇಕಾದ ಮಗು ಹಸಿರಿನಲ್ಲಿ ಹೋಗಿ ಕೂತಿತು. ಯಂತ್ರಕ್ಕೇನು, ಮೂರು ವರ್ಷಕ್ಕೆ ಹದಿನಾರು ಕೆಜಿ ತೂಗುವ ಮಕ್ಕಳೂ ಇದ್ದಾರೆ. ಪಕ್ಕದಲ್ಲಿದ್ದ ಹುಡುಗಿ ಫೋನ್ ಕಸಿದು ಸರಿಮಾಡಲು ಕೈ ಚಾಚಿದಳು. ಮೇಲ್ವಿಚಾರಕಿ ಆ ಕೈ ತಡೆದು, "ಅಕ್ಕಾ, ಮಗೂನ ಒಂದ್ಸಲ ಎತ್ತಿಕೊಳ್ಳಿ" ಅಂದರು. ಎತ್ತಿಕೊಂಡ ಅಕ್ಕ ನಕ್ಕುಬಿಟ್ಟರು. "ಇದೆಲ್ಲಿಯ ಹದಿನಾರು ಮೇಡಂ, ಹನ್ನೊಂದೂ ಇಲ್ಲ." ಅಂದು, ತಾವೇ ಅಳಿಸಿ ತಿದ್ದಿದರು.

ನನ್ನ ಪ್ರಕಾರ ಇಡೀ ಕಲೆ ಇರುವುದು ಆ ತಡೆದ ಕೈಯಲ್ಲಿ. ಗೊತ್ತಿದ್ದವರು ಫೋನ್ ಕಸಿದುಕೊಂಡರೆ ಕೆಲಸ ಮುಗಿಯುತ್ತದೆ, ಕಲಿಕೆ ಮುಗಿಯುವುದಿಲ್ಲ. (ಮನೆಯಲ್ಲಿ ಅಮ್ಮನ ಫೋನನ್ನು ನಾನು ಎಷ್ಟು ಸಲ ಹೀಗೆ ಕಸಿದಿದ್ದೇನೋ.)

ಜೋಡಿ ಕೂರಿಸುವುದರಲ್ಲೂ ಅವರಿಗೆ ಲೆಕ್ಕವಿತ್ತು. ಹುಡುಗಿಗೆ ಬೆರಳು ಚುರುಕು. ಹಿರಿಯರಿಗೆ ಯಾವ ಮನೆಯ ಬಸುರಿ ತವರಿಗೆ ಹೋಗಿದ್ದಾಳೆ, ಯಾವ ಮಗು ಅಜ್ಜಿಯ ಊರಿನಲ್ಲಿದೆ ಎಂಬುದೆಲ್ಲ ಬಾಯಿಪಾಠ. ಇಬ್ಬರೂ ಸೇರಿದರೆ ಪಟ್ಟಿ ಸರಿಯಾಗುತ್ತದೆ. ಕನ್ನಡ ಓದಲು ತಡವರಿಸುವವರನ್ನು ಅವರ ಮನೆಮಾತು ಬಲ್ಲವರ ಪಕ್ಕಕ್ಕೇ ಕೂರಿಸಿದ್ದರು.

ಆದರೆ ಕಲಿಸುವವರ ಜಾಣ್ಮೆಗೂ ಮಿತಿ ಇದೆ. ನೆಟ್‌ವರ್ಕ್ ಸಿಗದ ಊರಿನಲ್ಲಿ ಯಾವ ಪಾಠವೂ ನಡೆಯದು; ಹಳೆಯ ಫೋನ್ ನಿಂತಲ್ಲೇ ನಿಂತರೆ ಅದು ಕಾರ್ಯಕರ್ತೆಯ ತಪ್ಪೂ ಅಲ್ಲ. ಹೊಸ ಕೆಲಸಗಳೆಲ್ಲ ಸೇರಿದರೂ ಇವರ ಕೈಗೆ ಬರುವುದಕ್ಕೆ ಇಂದಿಗೂ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ.

ನಿಮ್ಮ ಮನೆಯ ಮಗುವನ್ನು ಅಂಗನವಾಡಿಗೆ ಕರೆದೊಯ್ದಾಗ ಟೀಚರ್ ಫೋನ್ ನೋಡುತ್ತ ಕೂತಿದ್ದರೆ ಅವಸರ ಮಾಡಬೇಡಿ. ನಿಮ್ಮ ಮೊಬೈಲ್‌ಗೆ ಆ ಆ್ಯಪ್‌ನಿಂದ ಅವರು ಕಳಿಸಿದ ಒಟಿಪಿ ಬಂದಿದೆಯೇ ನೋಡಿ, ನಿಧಾನವಾಗಿ ಓದಿ ಹೇಳಿ.