ಟಂಪಾ ಹಡಗಿನ ಡೆಕ್ಕಿನ ಮೇಲೆ ಎಂಟು ದಿನ

ಹಳೆಯ ಫೋಟೊವೊಂದು ಕಣ್ಣಿಗೆ ಬಿತ್ತು. ಕಂಟೇನರ್‌ಗಳ ನಡುವೆ, ಕಾದ ಉಕ್ಕಿನ ಡೆಕ್ಕಿನ ಮೇಲೆ ನೂರಾರು ಜನ ಒತ್ತೊತ್ತಾಗಿ ಕೂತಿದ್ದಾರೆ. ಸುತ್ತ ಬರೀ ನೀರು. ಹಡಗಿನ ಹೆಸರು ಟಂಪಾ.

2001ರ ಆಗಸ್ಟ್ 26. ಸುಮಾರು 20 ಮೀಟರ್ ಉದ್ದದ ‘ಪಾಲಾಪಾ’ ಎಂಬ ಮರದ ದೋಣಿ ಹಿಂದೂ ಮಹಾಸಾಗರದಲ್ಲಿ ಎಂಜಿನ್ ಕೆಟ್ಟು ನಿಂತಿತ್ತು. ಆಸ್ಟ್ರೇಲಿಯಾದ ರಕ್ಷಣಾ ಕೇಂದ್ರದ ಕರೆ ಕೇಳಿ ನಾರ್ವೆಯ ಟಂಪಾ ದಿಕ್ಕು ಬದಲಿಸಿತು. ಒಬ್ಬೊಬ್ಬರನ್ನೇ ಮೇಲೆ ಹತ್ತಿಸಿಕೊಂಡು ಎಣಿಸಿದರೆ 438 ಜನ! ಐವರು ದೋಣಿಯ ಸಿಬ್ಬಂದಿ, ಉಳಿದವರಲ್ಲಿ ಹೆಚ್ಚಿನವರು ತಾಲಿಬಾನ್ ಕಾಟ ತಾಳಲಾರದೆ ಹೊರಟ ಅಫ್ಘಾನಿಸ್ತಾನದ ಹಜಾರಾ ಸಮುದಾಯದವರು. ಮಕ್ಕಳಿದ್ದರು, ಗರ್ಭಿಣಿಯರಿದ್ದರು. ಟಂಪಾದ ಸ್ವಂತ ಸಿಬ್ಬಂದಿ ಬರೀ 27.

ನನ್ನ ಮನಸ್ಸು ನಿಲ್ಲುವುದು ಕಪ್ತಾನ ಆರ್ನೆ ರಿನ್ನನ್ ಬಳಿ. ಮೊದಲು ಆತ ಇಂಡೋನೇಷ್ಯಾದ ಮೆರಾಕ್ ಬಂದರಿನತ್ತ ಹೊರಟಿದ್ದ. ಕೆಲವರು ಚುಕ್ಕಾಣಿ ಕೋಣೆಗೇ ಬಂದು, ಆಸ್ಟ್ರೇಲಿಯಾದ ಕ್ರಿಸ್ಮಸ್ ದ್ವೀಪಕ್ಕೆ ಒಯ್ಯದಿದ್ದರೆ ಸಮುದ್ರಕ್ಕೆ ಹಾರುತ್ತೇವೆಂದರು. ಆತ ಹಡಗು ತಿರುಗಿಸಿದ. ಪ್ರಧಾನಿ ಜಾನ್ ಹೋವರ್ಡ್ ಸರ್ಕಾರ ಆಸ್ಟ್ರೇಲಿಯಾದ ನೀರಿಗೆ ಬರಲೇಕೂಡದೆಂದಿತು. ಇಂಡೋನೇಷ್ಯಾ ಒಲ್ಲೆ ಎಂದಿತು, ಹೊಣೆ ಆಸ್ಟ್ರೇಲಿಯಾದ್ದು ಎಂದಿತು ನಾರ್ವೆ. ಡೆಕ್ಕಿನ ಮೇಲೆ ಕಾಯಿಲೆಯವರು ಹೆಚ್ಚುತ್ತಿದ್ದರು. ಆಗಸ್ಟ್ 29ರಂದು ರಿನ್ನನ್ ಅಪಾಯದ ಸಂದೇಶ ಕಳಿಸಿ, ಅಪ್ಪಣೆಗೆ ಕಾಯದೆ ಗಡಿ ದಾಟಿದ. ವೈದ್ಯರಿಗಾಗಿ ಕಾದ ಹಡಗಿಗೆ ಬಂದೂಕು ಹಿಡಿದ ಆಸ್ಟ್ರೇಲಿಯಾದ ಕಮಾಂಡೊಗಳು ಹತ್ತಿದರು. ಇದನ್ನು ಓದುವಾಗ ಈಗಲೂ ಹೊಟ್ಟೆ ಉರಿಯುತ್ತದೆ; ಕರೆದು ಕಳಿಸಿದವರೇ ಬಾಗಿಲು ಹಾಕಿಕೊಂಡಿದ್ದರು.

ಬಂದವರು ಆಸ್ಟ್ರೇಲಿಯಾದ ನೆಲ ತುಳಿಯದಂತೆ ಮಾಡಲು ಅವಸರದಲ್ಲಿ ಹುಡುಕಿದ ದಾರಿಯೇ ಮುಂದೆ ‘ಪೆಸಿಫಿಕ್ ಪರಿಹಾರ’ ಎನಿಸಿಕೊಂಡಿತು. ಕೇವಲ 21 ಚದರ ಕಿಲೋಮೀಟರ್‌ನ ನೌರು ದ್ವೀಪಕ್ಕೆ ಹಣ ಕೊಟ್ಟು ಶಿಬಿರ ತೆರೆಯಲಾಯಿತು. ಸೆಪ್ಟೆಂಬರ್ 3ರಂದು ಎಲ್ಲರನ್ನೂ ‘ಮನೂರಾ’ ಯುದ್ಧನೌಕೆಗೆ ಸಾಗಿಸಿದರು. 2008ರಲ್ಲಿ ನಿಂತ ಆ ಪದ್ಧತಿ 2012ರಲ್ಲಿ ಮತ್ತೆ ಶುರುವಾಯಿತು.

ರಿನ್ನನ್, ಆತನ ಸಿಬ್ಬಂದಿ ಮತ್ತು ಹಡಗಿನ ಕಂಪನಿಗೆ 2002ರಲ್ಲಿ, ನಿರಾಶ್ರಿತರಿಗೆ ನೆರವಾದವರಿಗೆ ಕೊಡುವ ನಾನ್ಸೆನ್ ಪ್ರಶಸ್ತಿ ಸಿಕ್ಕಿತು.

ಅದೇ ಡೆಕ್ಕಿನಿಂದ 131 ಜನರನ್ನು ನ್ಯೂಜಿಲೆಂಡ್ ಕರೆಸಿಕೊಂಡಿತು. ಅವರಲ್ಲಿ ಅನೇಕರು ಹೆತ್ತವರಿಲ್ಲದೆ ಒಂಟಿಯಾಗಿ ಬಂದಿದ್ದ ಹುಡುಗರು. ಆಮೇಲೆ ಅವರ ಅಪ್ಪ ಅಮ್ಮಂದಿರಿಗೂ ಅಲ್ಲಿಗೆ ಬರುವ ದಾರಿ ತೆರೆಯಿತು. ಪಕ್ಕದಲ್ಲೇ ಮಲಗಿದ್ದ ಉಳಿದವರಲ್ಲಿ ಕೆಲವರು ನೌರುವಿನ ಬಿಸಿಲಲ್ಲಿ ವರ್ಷಗಟ್ಟಲೆ ಕಾದರು.